ಪ್ರತಿಯೊಡನೆ ಬಂದ ಮೂಗರ್ಜಿ

ರಾತ್ರಿ ಹತ್ತೂಕಾಲಿಗೆ ಬಾಗಿಲು ಬಡಿದ ಸದ್ದಾಯಿತು. ಮೂರು ಬಾರಿ, ಅವಸರವಿಲ್ಲದೆ, ಎಣಿಸಿ ಬಡಿದಂತೆ.

ಕೋದಂಡರಾಮಪ್ಪನವರು ಕನ್ನಡಕ ಹುಡುಕಿ, ಪಂಚೆ ಬಿಗಿದುಕೊಂಡು, ಚಿಲಕ ತೆಗೆಯುವ ಹೊತ್ತಿಗೆ ಬೀದಿಯಲ್ಲಿ ಯಾರೂ ಇರಲಿಲ್ಲ. ಎದುರು ಮನೆಯ ಜಗುಲಿಯ ಮೇಲೆ ಮಲಗಿದ್ದ ನಾಯಿ ಕೂಡ ತಲೆ ಎತ್ತಿರಲಿಲ್ಲ. ಬಂದವರು ಅದಕ್ಕೆ ಗುರುತಿನವರೇ ಇರಬೇಕು. ಹೊಸ್ತಿಲ ಮೇಲೆ ಉದ್ದನೆಯ ಲಕೋಟೆಯೊಂದು ಬಿದ್ದಿತ್ತು. ಅದರ ಮೇಲೆ ಅವರ ಹೆಸರು, ಹುದ್ದೆ, ವಿಳಾಸಗಳೆಲ್ಲ ಟೈಪಿನಲ್ಲಿದ್ದವು; ಕಳಿಸಿದವರ ಹೆಸರಿರಬೇಕಾದ ಮೂಲೆ ಮಾತ್ರ ಬರಿದಾಗಿತ್ತು.

“ಯಾರ್ರೀ ಅದು?” ಒಳಗಿನಿಂದ ಹೆಂಡತಿ ರಾಮಲಕ್ಷ್ಮಮ್ಮ ಕೇಳಿದರು.

“ಯಾರೂ ಇಲ್ಲ ಕಣೇ.”

“ಯಾರೂ ಇಲ್ದೆ ಬಾಗಿಲು ತಾನಾಗೇ ಬಡ್ಕೊಂಡಿತಾ?”

ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಪ್ರಶ್ನೆ ಕೇಳಿದ್ದ ಕೋದಂಡರಾಮಪ್ಪನವರಿಗೆ ಮನೆಯಲ್ಲಿ ಪ್ರಶ್ನೆಗೆ ಉತ್ತರ ಹೇಳುವ ಅಭ್ಯಾಸವಾಗಿರಲಿಲ್ಲ. ದೀಪದ ಕೆಳಗೆ ಕುಳಿತು ಲಕೋಟೆಯನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿದರು. ಒಳಗಿದ್ದುದು ಒಂದೇ ಹಾಳೆ. ಮೊದಲ ಸಾಲು ಓದಿದರು. ಎರಡನೆಯ ಸಾಲಿಗೆ ಬಂದಾಗ ಹಾಳೆಯನ್ನು ದೀಪಕ್ಕೆ ಇನ್ನಷ್ಟು ಹತ್ತಿರ ಹಿಡಿದರು.

ಅದು ಮೂಗರ್ಜಿ. ಹೆಸರಿಲ್ಲದ, ಸಹಿಯಿಲ್ಲದ ದೂರು.

ಬೆಂಗಳೂರಿನ ಮಕ್ಕಳ ಕಲ್ಯಾಣ ಟ್ರಸ್ಟಿಗೆ ಬರೆದದ್ದು. ಮುಳಬಾಗಿಲಿನ ಶಾರದಾ ವಾಚನಾಲಯ ಸಂಘವು ತಾಯಲೂರಿನ ಶಿಶುವಿಹಾರದ ಹೆಸರಿನಲ್ಲಿ ಅನುದಾನ ಪಡೆಯುತ್ತಿದ್ದು, ಅಂಥ ಶಿಶುವಿಹಾರವೇ ಅಸ್ತಿತ್ವದಲ್ಲಿ ಇರುವುದಿಲ್ಲವೆಂದೂ, ಇಪ್ಪತ್ತಮೂರು ಮಕ್ಕಳು ಕಾಗದದ ಮೇಲೆ ಮಾತ್ರ ಬೆಳೆಯುತ್ತಿರುವರೆಂದೂ, ಸಂಘದ ಕಾರ್ಯದರ್ಶಿಯವರು ಈ ವಂಚನೆಯ ಸೂತ್ರಧಾರರೆಂದೂ ಅದರಲ್ಲಿ ಮೂರು ಕಲಮುಗಳಲ್ಲಿ ಆರೋಪಿಸಲಾಗಿತ್ತು. ‘ಆದಕಾರಣ ತಾವು ಮುನ್ಸೂಚನೆ ನೀಡದೆ, ಯಾವುದಾದರೂ ಕೆಲಸದ ದಿನ, ಬೆಳಿಗ್ಗೆ ಹತ್ತರಿಂದ ಸಾಯಂಕಾಲ ನಾಲ್ಕರೊಳಗೆ ಖುದ್ದಾಗಿ ಬಂದು ಪರಿಶೀಲಿಸಬೇಕೆಂದು ಪ್ರಾರ್ಥನೆ. ಇಂತಿ, ನೊಂದ ಸಾರ್ವಜನಿಕರು.’ ಅದರ ಕೆಳಗೆ ಎಡಗಡೆಗೆ ಇನ್ನೊಂದು ಸಾಲು: ‘ಪ್ರತಿ: ಕಾರ್ಯದರ್ಶಿಗಳು, ಶಾರದಾ ವಾಚನಾಲಯ ಸಂಘ, ಮುಳಬಾಗಿಲು, ಇವರ ಮಾಹಿತಿಗಾಗಿ.’

ಆ ಕಾರ್ಯದರ್ಶಿಯೇ ಆದ ಕೋದಂಡರಾಮಪ್ಪನವರು ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದರು. ಬೆನ್ನಿಗೆ ಚೂರಿ ಹಾಕುವವನು ಮುಂದೆ ಬಂದು ಅದರ ನಕಲನ್ನು ಕೊಟ್ಟು ಹೋಗುವುದನ್ನು ಅವರು ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ.

ರಾಮಲಕ್ಷ್ಮಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, ಗಂಡನ ಹೆಗಲ ಮೇಲಿಂದ ಹಾಳೆಯನ್ನು ನಿಧಾನವಾಗಿ ಓದಿದರು. ವಾರಪತ್ರಿಕೆಗಳ ಧಾರಾವಾಹಿಗಳನ್ನು ಒಂದೂ ಬಿಡದೆ ಓದುವ ಅವರಿಗೆ ಇಂಥ ಸಂದರ್ಭಗಳು ಹೊಸತಾಗಿರಲಿಲ್ಲ.

“ಬರವಣಿಗೆ ಚೆನ್ನಾಗಿದೆ ಅಲ್ವೇನ್ರೀ?”

“ಚೆನ್ನಾಗಿದೆ,” ಎಂದು ಒಪ್ಪಿಕೊಂಡ ಮೇಲೆ ಕೋದಂಡರಾಮಪ್ಪನವರಿಗೆ ಸಿಟ್ಟು ಬಂತು. “ಚೆನ್ನಾಗಿರೋದೇ ತೊಂದ್ರೆ ಕಣೇ! ಅಂಚು ಬಿಟ್ಟಿರೋದು ನೋಡು. ವಿಷಯ, ಉಲ್ಲೇಖ, ಕಲಮು, ಪ್ರತಿ... ಇದು ನಾನು ಎಂಟನೇ ಕ್ಲಾಸಿಗೆ ಕಲಿಸ್ತಿದ್ದ ಪತ್ರಲೇಖನ. ಇದನ್ನ ಬರೆದವನು ನನ್ನ ಶಿಷ್ಯನೇ.”

“ಹಾಗಾದ್ರೆ ಊರೆಲ್ಲ ಹುಡುಕ್ಬೇಕು. ಅರ್ಧ ಮುಳಬಾಗಿಲು ನಿಮ್ಮ ಶಿಷ್ಯರೇ. ಅದ್ಸರಿ, ಹತ್ತರಿಂದ ನಾಲ್ಕರೊಳಗೇ ಬನ್ನಿ ಅಂತ ಯಾಕೆ ಬರ್ದ?”

“ಅದು ಆಫೀಸಿನ ವೇಳೆ. ನಿಂಗೆ ಗೊತ್ತಾಗಲ್ಲ.”

ರಾಮಲಕ್ಷ್ಮಮ್ಮ ತಲೆಯಾಡಿಸಿ ಮಲಗಲು ಹೋದರು. ಕೋದಂಡರಾಮಪ್ಪನವರು ಮಾತ್ರ ಪೆಟ್ಟಿಗೆಯಿಂದ ಸಂಘದ ಆವಕ ಪುಸ್ತಕವನ್ನು ತೆಗೆದು, ಬಂದ ಪತ್ರಗಳ ಸಾಲಿನಲ್ಲಿ ಆ ಮೂಗರ್ಜಿಗೂ ಒಂದು ಸಂಖ್ಯೆ ಕೊಟ್ಟು ದಾಖಲಿಸಿದರು. ‘ಯಾರಿಂದ’ ಎಂಬ ಅಂಕಣದಲ್ಲಿ ಲೇಖನಿ ನಿಂತಿತು. ಬಹಳ ಹೊತ್ತು ಯೋಚಿಸಿ ‘ತಿಳಿಯಬೇಕಾಗಿದೆ’ ಎಂದು ಬರೆದರು.

ಈ ಪ್ರಕರಣದ ಬೇರು ಹದಿನಾಲ್ಕು ತಿಂಗಳ ಹಿಂದಿನದು. ತಾಯಲೂರಿನ ಗಂಗರತ್ನಮ್ಮ, ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಬಂದವಳು, ಹೊಲಗೆಲಸಕ್ಕೂ ರೇಷ್ಮೆಹುಳುವಿನ ಕೆಲಸಕ್ಕೂ ಹೋಗುವ ಹೆಂಗಸರ ಕೂಸುಗಳನ್ನು ಹಗಲಿನಲ್ಲಿ ನೋಡಿಕೊಳ್ಳಲು ಒಂದು ಶಿಶುವಿಹಾರ ತೆರೆದಿದ್ದಳು. ಹುಳು ಸಾಕುವುದನ್ನು ಬಿಟ್ಟ ಒಂದು ಮನೆ, ಮೇಲೆ ಮಾಲೂರಿನ ಹೆಂಚು, ಒಳಗೆ ಹತ್ತು ಚಾಪೆ, ಅಡುಗೆಗೆ ಬೀಬಿಜಾನ್ ಎಂಬ ವಿಧವೆ. ಟ್ರಸ್ಟಿನವರು ಹಣ ಕೊಡಲು ಒಪ್ಪಿದರು. ಆದರೆ ನೋಂದಣಿಯಾದ, ಮೂರು ವರ್ಷದ ಲೆಕ್ಕ ತಪಾಸಣೆಯಾದ ಸಂಘಕ್ಕೆ ಮಾತ್ರ. ಗಂಗರತ್ನಮ್ಮನ ಶಿಶುವಿಹಾರಕ್ಕೆ ಆಗ ಮೂರು ತಿಂಗಳು ಕೂಡ ತುಂಬಿರಲಿಲ್ಲ.

ಶಾರದಾ ವಾಚನಾಲಯ ಸಂಘಕ್ಕೆ ಇವೆಲ್ಲ ಇದ್ದವು. ಕೋಲಾರದ ಕಚೇರಿಯ ಮೊಹರು ಬಿದ್ದ ನೋಂದಣಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲಾಗಿತ್ತು. ಇಲ್ಲದಿದ್ದುದು ಕೆಲಸವೊಂದೇ. ದಿನಕ್ಕೆ ಎರಡು ಪತ್ರಿಕೆ, ಅವನ್ನು ಓದುವ ಹನ್ನೊಂದು ಮಂದಿ, ವರ್ಷಕ್ಕೊಂದು ಉಪನ್ಯಾಸ, ಅಷ್ಟೇ. ಗಂಗರತ್ನಮ್ಮ ಬಂದು ಕೇಳಿದಾಗ ಕೋದಂಡರಾಮಪ್ಪನವರ ಎದೆ ಉಬ್ಬಿತು. ಟ್ರಸ್ಟಿನ ಹಣ ಸಂಘದ ಹೆಸರಿಗೆ ಬರುವುದು. ಸಂಘ ಅದಕ್ಕೆ ಬೇರೆಯೇ ಪುಸ್ತಕವಿಟ್ಟು ಶಿಶುವಿಹಾರಕ್ಕೆ ತಲುಪಿಸುವುದು. ಲೆಕ್ಕ ತಪಾಸಣೆಯ ಖರ್ಚಿಗೆಂದು ನೂರಕ್ಕೆ ಐದು ಇಟ್ಟುಕೊಳ್ಳುವುದು. ಮೂರು ವರ್ಷದಲ್ಲಿ ಶಿಶುವಿಹಾರ ತನ್ನ ಕಾಲ ಮೇಲೆ ನಿಂತು ತಾನೇ ನೋಂದಣಿಯಾಗುವುದು. ಅಲ್ಲಿಯವರೆಗೆ ತಪ್ಪು ನಡೆದರೆ ಉತ್ತರ ಹೇಳಬೇಕಾದದ್ದು ಸಂಘವೇ.

“ಹೆಸರು ನಮ್ಮದು, ಕೆಲಸ ಅವರದು,” ಎಂದು ಅವರು ಕಾರ್ಯಕಾರಿ ಸಮಿತಿಯಲ್ಲಿ ಸಾರಿದ್ದರು.

“ಬೈಗುಳ ಯಾರದು ಸಾರ್?” ಎಂದು ಕೇಳಿದ್ದ ಖಜಾಂಚಿ ಅಶ್ವತ್ಥಪ್ಪ. ರೇಷ್ಮೆಗೂಡಿನ ವ್ಯಾಪಾರಿಯಾದ ಆತನಿಗೆ ಎಲ್ಲದರಲ್ಲೂ ಹುಳು ಎಲ್ಲಿದೆಯೆಂದು ನೋಡುವುದು ಕಸುಬಾಗಿತ್ತು.

ಮೊದಲ ಕಂತು ಸುಗಮವಾಗಿ ಬಂತು. ಎರಡನೆಯದು ಅಕ್ಟೋಬರಿನಲ್ಲಿ ಬರಬೇಕಾಗಿತ್ತು. ‘ತಪಾಸಣಾ ವರದಿ ಬಂದ ನಂತರ ಬಿಡುಗಡೆ ಮಾಡಲಾಗುವುದು’ ಎಂದು ಟ್ರಸ್ಟು ಬರೆಯಿತು. ತಪಾಸಣೆಗೆ ಯಾರೂ ಬರಲಿಲ್ಲ. ಕೋದಂಡರಾಮಪ್ಪನವರು ಒಂದಾದ ಮೇಲೊಂದರಂತೆ ಹನ್ನೊಂದು ಮನವಿಗಳನ್ನು ಬರೆದರು. ಪ್ರತಿಯೊಂದಕ್ಕೂ ‘ತಮ್ಮ ಪತ್ರ ತಲುಪಿದೆ’ ಎಂಬ ಅಚ್ಚಾದ ಕಾರ್ಡು ಬಂತು. ಈಗ ೧೯೮೮ರ ಫೆಬ್ರವರಿ. ಗಂಗರತ್ನಮ್ಮ ತನ್ನ ಬಳೆಯನ್ನು ಅಡವಿಟ್ಟು ರಾಗಿ ತರುತ್ತಿದ್ದಳು. ಬೀಬಿಜಾನ್‌ಗೆ ನಾಲ್ಕು ತಿಂಗಳಿಂದ ಸಂಬಳವಿರಲಿಲ್ಲ. ಮಾರ್ಚಿ ಒಂದಕ್ಕೆ ಶಿಶುವಿಹಾರ ಮುಚ್ಚುವುದೆಂದು ತೀರ್ಮಾನವಾಗಿತ್ತು.

ಈ ಹೊತ್ತಿನಲ್ಲಿ ಮೂಗರ್ಜಿ. ಮುಳುಗುತ್ತಿದ್ದವರ ತಲೆಯ ಮೇಲೆ ಯಾರೋ ಕಲ್ಲಿಟ್ಟಿದ್ದರು.

ಮರುದಿನ ಬೆಳಿಗ್ಗೆ ಕೋದಂಡರಾಮಪ್ಪನವರು ಕೊಡೆ ಹಿಡಿದು ಪತ್ತೇದಾರಿಕೆಗೆ ಹೊರಟರು. ಮಳೆಯೂ ಇರಲಿಲ್ಲ, ಬಿಸಿಲೂ ಏರಿರಲಿಲ್ಲ. ಕೊಡೆಯಿಲ್ಲದೆ ಯಾರನ್ನಾದರೂ ಪ್ರಶ್ನಿಸುವುದು ಅವರಿಗೆ ಒಗ್ಗುತ್ತಿರಲಿಲ್ಲ.

ಅಶ್ವತ್ಥಪ್ಪ ಅಂಗಡಿಯಲ್ಲಿ ಗೂಡಿನ ರಾಶಿಗೆ ಕೈ ಹಾಕಿ, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದ. ಕೋದಂಡರಾಮಪ್ಪನವರು ಹಾಳೆಯನ್ನು ಮುಂದಿಟ್ಟು, ಆತನ ಮುಖವನ್ನೇ ನೋಡುತ್ತಾ ನಿಂತರು. ಅಪರಾಧಿಯ ಕಣ್ಣು ಕದಲುತ್ತದೆಂದು ಅವರ ಶಾಲೆಯ ಅನುಭವ.

ಅಶ್ವತ್ಥಪ್ಪನ ಕಣ್ಣು ಕದಲಲಿಲ್ಲ; ಮೀಸೆ ಕದಲಿತು. “ಅಯ್ಯೋ ದೇವುಡಾ! ನಾನು ಆವತ್ತೇ ಹೇಳ್ಲಿಲ್ವಾ ಸಾರ್, ಬೈಗುಳ ಯಾರ್ದು ಅಂತ? ಬಂತಲ್ಲ, ನಿಮ್ಮ ಹೆಸ್ರಿಗೇ ಬಂತಲ್ಲ!”

“ಇದನ್ನ ನೀನು ಬರೆದಿಲ್ಲ ಅಂತೀಯಾ?”

“ನಾನ್ಯಾಕೆ ಬರೀಲಿ? ನಾನು ಸಭೇಲಿ ಎಲ್ರ ಎದ್ರಿಗೇ ವಿರೋಧ ಮಾಡಿದ್ದೀನಿ. ಪುಕ್ಕಟೆ ಮಾಡಿದ್ ವಿರೋಧಾನ ಮತ್ತೆ ಸ್ಟಾಂಪ್ ಹಚ್ಚಿ ಯಾಕ್ ಮಾಡ್ಲಿ ಸಾರ್?”

ಅಶ್ವತ್ಥಪ್ಪ ಅಂಚೆಚೀಟಿಗೆ ಕಾಸು ಬಿಚ್ಚಿದ್ದನ್ನು ಮುಳಬಾಗಿಲಿನಲ್ಲಿ ಕಂಡವರಿಲ್ಲ. ಮಗಳ ಮದುವೆಯ ಕರೆಯೋಲೆಗಳನ್ನೂ ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಕಳಿಸಿದ್ದ.

“ಆದ್ರೆ ಒಂದ್ಮಾತು ಸಾರ್,” ಅಶ್ವತ್ಥಪ್ಪ ಗಂಭೀರನಾದ. “ಇದ್ರಿಂದ ಸಂಘದ ನೋಂದಣಿಗೇ ಏಟು ಬಿದ್ರೆ? ಬರೋ ಸಭೇಲಿ ನಾನು ಠರಾವು ಮಂಡಿಸ್ತೀನಿ. ಮಾರ್ಚಿಗೆ ಈ ಸಂಬಂಧ ಕಡ್ಕೊಂಬಿಡಾಣ. ಪರರ ಕೂಸು ಎತ್ಕೊಂಡು ನಮ್ಮ ಸೊಂಟ ಮುರ್ಕೊಳ್ಳೋದು ಬೇಡ.”

ಕೋದಂಡರಾಮಪ್ಪನವರು ಕೊಡೆ ಎತ್ತಿಕೊಂಡು ಹೊರಬಿದ್ದರು. ಒಂದು ಹೆಸರನ್ನು ಮನಸ್ಸಿನಲ್ಲಿ ಹೊಡೆದುಹಾಕಿದ್ದಾಯಿತು. ಆದರೆ ಈ ಮೂಗರ್ಜಿಯಿಂದ ಶಿಶುವಿಹಾರವೇ ಕೈ ತಪ್ಪಿಹೋಗುವುದೆಂಬುದು ಇನ್ನಷ್ಟು ಸ್ಪಷ್ಟವಾಗಿತ್ತು.

ದಾರಿಯಲ್ಲಿ ನಿಂತು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಒಂದು ಸಂಗತಿ ಹೊಳೆಯಿತು. ಪ್ರತಿ ವಾಕ್ಯದ ಕೊನೆಯಲ್ಲೂ ಚುಕ್ಕೆಯಿರಬೇಕಾದಲ್ಲಿ ಸಣ್ಣ ತೂತು! ಕಾರ್ಬನ್ ಪ್ರತಿಯನ್ನೂ ತೂತು ಮಾಡುವಷ್ಟು ಜೋರಾಗಿ ಚುಕ್ಕೆಯನ್ನು ಕುಟ್ಟುವ ಯಂತ್ರ ಮುಳಬಾಗಿಲಿನಲ್ಲಿ ಒಂದೇ ಒಂದು. ಅವರು ಬಿರಬಿರನೆ ಹೆಜ್ಜೆ ಹಾಕಿ ತಾಲ್ಲೂಕು ಕಚೇರಿಯ ಕಡೆ ನಡೆದರು.

ಕಚೇರಿಯ ಮುಂದಿನ ಹುಣಸೆಮರದ ಕೆಳಗೆ, ಕಬ್ಬಿಣದ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಓಬೇದುಲ್ಲಾ ಕುಳಿತಿದ್ದ. ಪಹಣಿಯ ಅರ್ಜಿ, ಪಡಿತರ ಚೀಟಿಯ ಅರ್ಜಿ, ಅಣ್ಣತಮ್ಮಂದಿರ ಪಾಲುಪಟ್ಟಿ ಎಲ್ಲವೂ ಆತನ ಬೆರಳುಗಳ ಮೂಲಕವೇ ಸರ್ಕಾರವನ್ನು ಸೇರುತ್ತಿದ್ದವು. ಸಂಘದ ನಡಾವಳಿಗಳನ್ನು ಟೈಪು ಮಾಡಿಕೊಡುವವನೂ ಆತನೇ.

“ಬನ್ನಿ ಗುರುಗಳೇ, ಕೂತ್ಕೊಳ್ಳಿ,” ಎಂದು ಸ್ಟೂಲು ಒರೆಸಿದ.

“ಇದು ನಿನ್ನ ಮೆಷಿನ್ನೇ ಅಲ್ವೇನಯ್ಯ?”

ಓಬೇದುಲ್ಲಾ ಹಾಳೆಯನ್ನು ತೆಗೆದುಕೊಂಡು, ತೂತುಗಳ ಮೂಲಕ ಆಕಾಶ ನೋಡಿ, ಸಂತೋಷದಿಂದ ತಲೆದೂಗಿದ. “ನಂದೇ ಸಾರ್. ಸುಳ್ಳ್ಯಾಕೆ ಹೇಳ್ಲಿ. ಫಾರಂ ಹ್ಯಾಗೈತೆ? ನೀವು ಕಲಿಸಿದ್ದೇ.”

“ಫಾರಂ ಸರಿಯಾಗಿದೆ. ಮೂಗರ್ಜೀಲಿ ಪ್ರತಿ ಹಾಕಿದ್ದು ಯಾಕೆ?”

“ಆರೋಪ ಯಾರ ಮೇಲೆ ಮಾಡ್ತೀವೋ ಅವ್ರಿಗೊಂದು ಕಾಪಿ ಕಳಿಸ್ಬೇಕು ಅಂತ ನೀವೇ ಹೇಳಿದ್ರಲ್ಲ ಸಾರ್ ಎಂಟನೇ ಕ್ಲಾಸಲ್ಲಿ. ಅದು ನ್ಯಾಯ ಅಂದ್ರಿ.”

ಮಕ್ಕಳಿಗೆ ಹೇಳಿದ ಮಾತು ಇಪ್ಪತ್ತು ವರ್ಷದ ಮೇಲೆ ಹೀಗೆ ಮನೆಬಾಗಿಲಿಗೆ ಬರಬಹುದೆಂದು ಯಾವ ಮೇಷ್ಟ್ರೂ ಎಣಿಸುವುದಿಲ್ಲ.

“ಯಾರು ಬರೆಸಿದ್ದು? ಹೆಸರು ಹೇಳು.”

“ಆಗಲ್ಲ ಸಾರ್.”

“ನಾನು ನಿನ್ನ ಗುರು ಕಣೋ!”

“ಅದ್ಕೇ ಕೈ ಮುಗಿದು ಆಗಲ್ಲ ಅಂತೀನಿ. ಬೇರೆಯೋರಾಗಿದ್ರೆ ಕೈ ಮುಗೀದೇ ಆಗಲ್ಲ ಅಂತಿದ್ದೆ. ವಕೀಲ್ರಿಗೊಂದು ಧರ್ಮ, ಡಾಕ್ಟ್ರಿಗೊಂದು ಧರ್ಮ. ಮರದ ಕೆಳಗೆ ಕೂತೋನಿಗೂ ಒಂದೈತೆ. ಮೂಗರ್ಜಿ ಬರೆಸಿದೋರ ಹೆಸರು ಹೊರಗೆ ಬಂದ್ರೆ ನಾಳೆಯಿಂದ ಈ ಮರದ ಕೆಳಗೆ ಕಾಗೆ ಕೂಡ ಬರಲ್ಲ.”

ಬೆದರಿಸಿದರು, ಬೇಡಿದರು. ಕೊನೆಗೆ ಓಬೇದುಲ್ಲಾ ದನಿ ತಗ್ಗಿಸಿ ಇಷ್ಟು ಹೇಳಿದ: “ಅಸಲು ಹೋದ ವಾರಾನೇ ಬೆಂಗ್ಳೂರಿಗೆ ಹೋಯ್ತು ಸಾರ್. ಈ ವಾರ ಎಲ್ಲೂ ಹೋಗ್ಬೇಡಿ. ಊರಲ್ಲೇ ಇರಿ.”

ಆ ಎಚ್ಚರಿಕೆಯಲ್ಲಿ ಹಗೆಯಿದೆಯೋ ಹಿತವಿದೆಯೋ ಕೋದಂಡರಾಮಪ್ಪನವರಿಗೆ ಬಗೆಹರಿಯಲಿಲ್ಲ. ಮಧ್ಯಾಹ್ನದ ಬಸ್ಸು ಹಿಡಿದು ತಾಯಲೂರಿಗೆ ಹೋದರು.

ಶಿಶುವಿಹಾರದಲ್ಲಿ ಮಕ್ಕಳು ಉಂಡು ಮಲಗಿದ್ದವು. ಕಾಗದದ ಮೇಲೆ ಮಾತ್ರ ಬೆಳೆಯುತ್ತಿದ್ದವೆಂದು ಹೇಳಲಾದ ಆ ಇಪ್ಪತ್ತಮೂರು ಮಕ್ಕಳಲ್ಲಿ ಒಂದು ಕೂಸು ಗಟ್ಟಿಯಾಗಿ ಗೊರಕೆ ಹೊಡೆಯುತ್ತಿತ್ತು. ಕೋದಂಡರಾಮಪ್ಪನವರು ಹೊರಗಿನ ಕಟ್ಟೆಯ ಮೇಲೆ ಕುಳಿತು ಮೆಲ್ಲನೆ ವಿಷಯ ಹೇಳಿದರು.

ಗಂಗರತ್ನಮ್ಮನ ಮುಖ ಬಿಳಿಚಿಕೊಂಡಿತು. “ನಾವ್ ಯಾರಿಗೇನ್ ಅನ್ಯಾಯ ಮಾಡಿದ್ವಿ ಮೇಷ್ಟ್ರೇ? ಮುಚ್ಚೋದಂತೂ ಮುಚ್ತಿದ್ವಿ. ಕಳ್ಳರು ಅಂತ ಅನ್ನಿಸ್ಕೊಂಡು ಮುಚ್ಬೇಕಾ? ಮುಚ್ಚೋ ಸುದ್ದಿ ಕೇಳಿ, ನಮ್ಮಲ್ಲಿ ಕೂಸು ಬಿಡೋ ದೊಡ್ಡಗಂಗಮ್ಮ ಆಗ್ಲೇ ದೊಡ್ಡ ಹುಡುಗೀನ ನಾಕನೇ ಕ್ಲಾಸಿಂದ ಬಿಡಿಸವ್ಳೆ, ಕೂಸು ನೋಡ್ಕಳಕ್ಕೆ. ಮಾರ್ಚಿ ಬಂದ್ರೆ ಇನ್ನೂ ಆರು ಹುಡುಗೀರು ಬಿಡ್ತಾರೆ.”

ಆಕೆಯ ಮೇಲೂ ಒಂದು ಸಣ್ಣ ಅನುಮಾನ ಇಟ್ಟುಕೊಂಡು ಬಂದಿದ್ದ ಕೋದಂಡರಾಮಪ್ಪನವರಿಗೆ ನಾಚಿಕೆಯಾಯಿತು. ಈಕೆ ಅವರ ಶಿಷ್ಯೆಯೂ ಅಲ್ಲ, ಚಿಂತಾಮಣಿಯ ಕಡೆಯವಳು. ಇಷ್ಟಾಗಿ ತನ್ನ ಮನೆಗೆ ತಾನೇ ಬೆಂಕಿ ಇಡುವವರುಂಟೆ?

ಬೀಬಿಜಾನ್ ಲೋಟದಲ್ಲಿ ಚಹಾ ತಂದು ಕೊಟ್ಟಳು. ಐವತ್ತೈದರ ಹೆಂಗಸು, ಮಾತು ಕಡಿಮೆ. ಚಹಾ ಕೊಟ್ಟವಳು ಅಲ್ಲೇ ನಿಂತಳು.

“ಸಾಬ್, ಬೆಂಗ್ಳೂರಿನ ಜೀಪು ಪಕ್ಕಾ ಬರ್ತೈತಾ?”

“ಬಂದೇ ಬರುತ್ತಮ್ಮ. ಮೂಗರ್ಜಿ ಹೋದ ಮೇಲೆ ಬರದೆ ಇರ್ತಾರೆಯೇ? ನಾನು ಹನ್ನೊಂದು ಸಲ ಕರೆದಾಗ ಬರಲಿಲ್ಲ. ಕಳ್ಳ ಅಂದ ಕೂಡ್ಲೇ ಓಡಿ ಬರ್ತಾರೆ,” ಎಂದು ಅವರು ಕಹಿಯಾಗಿ ನಕ್ಕರು.

“ಅಂಗಾದ್ರೆ ಅಂಗಳ ಸಾರಿಸ್ಬೇಕು,” ಎಂದು ಬೀಬಿಜಾನ್ ಒಳಗೆ ಹೋದಳು. ಕಷ್ಟಕಾಲದಲ್ಲೂ ಅಂಗಳದ ಚಿಂತೆ ಬಿಡದ ಆ ಮುಗ್ಧೆಯನ್ನು ಕಂಡು ಕೋದಂಡರಾಮಪ್ಪನವರ ಮನಸ್ಸು ಕರಗಿತು.

ಗುರುವಾರ ಹನ್ನೊಂದೂವರೆಗೆ ಜೀಪು ಬಂತು.

ಕೋದಂಡರಾಮಪ್ಪನವರು ಬುಧವಾರದಿಂದಲೇ ತಾಯಲೂರಿನಲ್ಲಿ ಕಾವಲು ಕುಳಿತಿದ್ದರು. ಟ್ರಸ್ಟಿನ ತಪಾಸಣಾಧಿಕಾರಿ ಕಡತವನ್ನು ಕಂಕುಳಲ್ಲಿ ಇರುಕಿಕೊಂಡು ಇಳಿದಾಗ, ಆತನ ಮುಖದಲ್ಲಿ ಖಾಲಿ ಮನೆಯನ್ನು ಹಿಡಿಯಲು ಬಂದವನ ಉತ್ಸಾಹವಿತ್ತು. ಬಾಗಿಲಲ್ಲಿ ಇಣುಕಿದ ಕೂಡಲೇ ಆ ಉತ್ಸಾಹ ಸ್ವಲ್ಪ ಇಳಿಯಿತು. ಒಳಗಿನ ಗದ್ದಲಕ್ಕೆ ಹೆಂಚು ಹಾರಿಹೋಗುವಂತಿತ್ತು.

“ಇವನ್ನೆಲ್ಲ ಇವತ್ತಿಗೆ ಅಂತ ಕರ್ಕೊಂಡು ಬಂದಿಲ್ಲ ತಾನೆ?”

“ಮುನ್ಸೂಚನೆ ಇಲ್ಲದೆ ಬಂದಿದ್ದೀರಿ,” ಎಂದರು ಕೋದಂಡರಾಮಪ್ಪನವರು ಸಾಕಷ್ಟು ಘನತೆಯಿಂದ. ಎರಡು ದಿನದಿಂದ ಇಲ್ಲೇ ಏಕೆ ಕುಳಿತಿದ್ದೀರೆಂದು ಅಧಿಕಾರಿ ಕೇಳಲಿಲ್ಲವಾದ್ದರಿಂದ ಅವರು ಹೇಳಲೂ ಇಲ್ಲ.

ಅಧಿಕಾರಿ ಎಣಿಸತೊಡಗಿದ. ಮೊದಲ ಸಲ ಇಪ್ಪತ್ತೊಂದು ಬಂತು. ಎರಡನೆಯ ಸಲ ಇಪ್ಪತ್ತಾರು. ಮಕ್ಕಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಎಣಿಸಿದವು ಎಣಿಸದವುಗಳ ಹಿಂದೆ ಬಂದು ನಿಲ್ಲುತ್ತಿದ್ದವು. ‘ನಿಲ್ರೀ!’ ಎಂದು ಅಧಿಕಾರಿ ಗದರಿದ್ದಕ್ಕೆ ಎರಡು ಅತ್ತವು, ಮಿಕ್ಕವು ಅವನ ಹಾಗೆಯೇ ‘ನಿಲ್ರೀ’ ಎಂದು ಕೂಗತೊಡಗಿದವು. ಕೋದಂಡರಾಮಪ್ಪನವರಿಗೆ ಬೆವರೊಡೆಯಿತು. ಹಾಜರಿ ಪುಸ್ತಕದಲ್ಲಿ ಇಪ್ಪತ್ತಮೂರು. ವರದಿಯಲ್ಲಿ ಇಪ್ಪತ್ತೊಂದು ಬಿದ್ದರೆ ಮೂಗರ್ಜಿ ನಿಜವೆಂದೇ ಆಯಿತು.

ಬೀಬಿಜಾನ್ ಒಳಗಿನಿಂದ ತಟ್ಟೆಗಳ ರಾಶಿ ಹೊತ್ತು ಬಂದು ಸದ್ದು ಮಾಡುತ್ತಾ ನೆಲದ ಮೇಲೆ ಸಾಲಾಗಿ ಇಟ್ಟಳು. ಆ ಸದ್ದಿಗೆ ಇಡೀ ದಂಡು ಓಡಿಬಂದು, ತಟ್ಟೆಗೊಂದರಂತೆ ಕುಳಿತು, ಬಾಯಿ ಮುಚ್ಚಿತು.

“ಮಕ್ಳನ್ನ ಎಣಿಸಕ್ಕಾಗಲ್ಲ ಸಾಬ್. ತಟ್ಟೆ ಎಣಿಸ್ರಿ.”

ಅಧಿಕಾರಿ ತಟ್ಟೆ ಎಣಿಸಿದ. ಇಪ್ಪತ್ತಮೂರು. ಬೀಬಿಜಾನ್ ಇಪ್ಪತ್ತನಾಲ್ಕನೆಯದನ್ನು ಅವನ ಮುಂದಿಟ್ಟು ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಬೆಂಗಳೂರಿನಿಂದ ಖಾಲಿ ಹೊಟ್ಟೆಯಲ್ಲಿ ಬಂದವನು ಬೇಡವೆನ್ನಲಿಲ್ಲ.

ಕೈ ತೊಳೆದ ಮೇಲೆ ಕಡತ ತೆರೆದು ಬರೆದುಕೊಂಡ. “ದೂರು ಸುಳ್ಳು. ವರದೀಲಿ ಹಾಗೇ ಬರೀತೀನಿ. ಇದೇ ತಪಾಸಣೆಗೂ ಆಯ್ತು. ನಿಮ್ಮ ಕಂತು ಇದೇ ತಿಂಗಳು ಬಿಡುಗಡೆ ಆಗುತ್ತೆ.”

ಕೋದಂಡರಾಮಪ್ಪನವರಿಗೆ ಕಿವಿಯನ್ನು ನಂಬಲಾಗಲಿಲ್ಲ. “ಹಾಗಾದ್ರೆ ನನ್ನ ಹನ್ನೊಂದು ಪತ್ರ?”

“ಅವು ಮನವಿಗಳು ಸ್ವಾಮಿ. ಮನವಿಗೆ ಗಡುವಿಲ್ಲ. ದೂರಾದ್ರೆ ಹದಿನೈದು ದಿನದೊಳಗೆ ಸ್ಥಳ ಪರಿಶೀಲನೆ ಮಾಡಿ ವಿಲೇವಾರಿ ಮಾಡ್ಲೇಬೇಕು. ನಿಮ್ಮನ್ನ ಹಾಳು ಮಾಡಕ್ಕೆ ಹೋದೋನು ಉದ್ಧಾರ ಮಾಡಿಬಿಟ್ಟ ನೋಡಿ,” ಎಂದು ನಕ್ಕು ಜೀಪು ಹತ್ತಿದ.

ಆ ತಿಂಗಳ ಇಪ್ಪತ್ತಾರಕ್ಕೆ ಡ್ರಾಫ್ಟು ಬಂತು. ಗಂಗರತ್ನಮ್ಮನ ಬಳೆ ಕೈಗೆ ಮರಳಿತು. ಬೀಬಿಜಾನ್‌ಗೆ ನಾಲ್ಕು ತಿಂಗಳ ಸಂಬಳ ಒಟ್ಟಿಗೇ ಸಿಕ್ಕಿತು. ಆದರೆ ಕೋದಂಡರಾಮಪ್ಪನವರಿಗೆ ನಿದ್ದೆ ಬರಲಿಲ್ಲ. ಆವಕ ಪುಸ್ತಕದ ಆ ಅಂಕಣ ಇನ್ನೂ ಭರ್ತಿಯಾಗಿರಲಿಲ್ಲ. ಅಪರಾಧಿಯ ಎಣಿಕೆ ತಪ್ಪಿತೆಂದ ಮಾತ್ರಕ್ಕೆ ಅಪರಾಧ ಅಪರಾಧವಲ್ಲದೆ ಹೋಗುವುದೇ? ಅದೂ ತಮ್ಮ ಶಿಷ್ಯನೇ!

ಭಾನುವಾರ ವಾಚನಾಲಯದಲ್ಲಿ ಸಭೆ ಸೇರಿತು. ಗಂಗರತ್ನಮ್ಮ ಗೋಡೆಯ ಪಕ್ಕದ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಓಬೇದುಲ್ಲಾ ನಡಾವಳಿ ಟೈಪು ಮಾಡಲು ಯಂತ್ರದೊಡನೆ ಬಂದಿದ್ದ. ಅಶ್ವತ್ಥಪ್ಪ ಎದ್ದು ತನ್ನ ಠರಾವು ಮಂಡಿಸಿದ.

“ಈ ಸಲ ಬಚಾವಾದ್ವಿ ಸಾರ್. ಆದ್ರೆ ಹಗೆ ಇಟ್ಟೋನು ಸುಮ್ನಿರ್ತಾನಾ? ಇವತ್ತು ಟ್ರಸ್ಟಿಗೆ ಬರ್ದ. ನಾಳೆ ಕೋಲಾರಕ್ಕೆ ಬರೀತಾನೆ, ನೋಂದಣಿ ಹೋಗ್ತೈತೆ. ಅವನ್ಯಾರು ಅಂತ ಗೊತ್ತಾಗೋ ತನಕ ಶಿಶುವಿಹಾರಕ್ಕೆ ನಮ್ಮ ಹೆಸ್ರು ಕೊಡೋದು ಬೇಡ.”

ಇಬ್ಬರು ಸದಸ್ಯರು ತಲೆಯಾಡಿಸಿದರು. ಗಂಗರತ್ನಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. ಮುಂದಿನ ವರ್ಷದ ಕರಾರಿಗೆ ಅಂದೇ ಸಹಿಯಾಗಬೇಕಾಗಿತ್ತು. ಆಗದಿದ್ದರೆ ಬಂದ ಹಣ ಮುಗಿಯುವವರೆಗೆ ಮಾತ್ರ ಶಿಶುವಿಹಾರ.

“ಮೊದಲು ಖಂಡನಾ ನಿರ್ಣಯ,” ಎಂದು ಕೋದಂಡರಾಮಪ್ಪನವರು ಎದ್ದರು. “ಬರ್ಕೋ ಓಬೇದುಲ್ಲಾ. ‘ಸಂಘದ ಮೇಲೆ ಸುಳ್ಳು ದೂರು ಸಲ್ಲಿಸಿದ’, ಹೆಸರಿಗೆ ಜಾಗ ಬಿಡು, ‘ಅವರ ಹೇಯ ಕೃತ್ಯವನ್ನು ಈ ಸಭೆಯು ಒಕ್ಕೊರಲಿನಿಂದ ಖಂಡಿಸುತ್ತದೆ.’”

ಯಂತ್ರ ಸದ್ದು ಮಾಡಲಿಲ್ಲ. ಓಬೇದುಲ್ಲಾ ಕೈ ಮಡಿಚಿ ಕುಳಿತಿದ್ದ.

“ಟೈಪ್ ಮಾಡಯ್ಯ!”

“ಬೆರಳು ಏಳ್ತಿಲ್ಲ ಸಾರ್. ದುಡ್ಡು ಬಂದ್ಮೇಲೆ ಹೆಸರು ಹೇಳ್ಬೋದು ಅಂತ ನಮ್ಮ ಕಕ್ಷಿದಾರರು ಒಪ್ಪಿಗೆ ಕೊಟ್ಟವ್ರೆ. ಆದ್ರೆ ಖಂಡನೆಗೆ ನಾನು ಆ ಹೆಸರು ಕೊಡಲ್ಲ.”

ಸಭೆಯಲ್ಲಿ ಗುಸುಗುಸು ಎದ್ದಿತು. ಅಶ್ವತ್ಥಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ದುಡ್ಡು ಬಂದ್ಮೇಲಾ? ದುಡ್ಡು ಬರ್ಲಿ ಅಂತ ಬರೆಸಿದ್ದಾ?”

“ಮತ್ತಿನ್ಯಾಕೆ? ಒಂದ್ ದಿನ ಬಂದು ಮರದ ಕೆಳಗೆ ಕೂತ್ರು. ನಮ್ಮ ಮೇಷ್ಟ್ರು ಒಳ್ಳೆಯೋರು, ಹನ್ನೊಂದು ಕಾಗದ ಬರ್ದವ್ರೆ, ಎಲ್ಲಾದ್ರಲ್ಲೂ ದಯಮಾಡಿ ಅಂತ ಬರ್ದವ್ರೆ, ಅದ್ಕೇ ಯಾರೂ ಬರ್ತಿಲ್ಲ ಅಂದ್ರು. ನೀನು ದಯಮಾಡಿ ಬಿಟ್ಟು, ಕಳ್ಳರು ಅಂತ ಬರಿ ಅಂದ್ರು.”

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಕೋದಂಡರಾಮಪ್ಪನವರ ಕಿವಿ ಕೆಂಪಾಯಿತು.

“ಅವ್ರಿಗೆ ಹಂಗೆ ಹೊಳೆದಿದ್ದಕ್ಕೆ ಕಾರಣ ಐತೆ ಸಾರ್. ಅವ್ರ ಪಿಂಚಣಿ ಫೈಲು ಎರಡೂವರೆ ವರ್ಷ ಇದೇ ತಾಲ್ಲೂಕಾಫೀಸಲ್ಲಿ ಮಲ್ಗಿತ್ತು. ನಾನೇ ಎಂಟು ಅರ್ಜಿ ಟೈಪ್ ಮಾಡ್ಕೊಟ್ಟೆ, ಒಂದೂ ನಡೀಲಿಲ್ಲ. ಆಮೇಲೆ ಅವ್ರ ಓಣೀಲಿ ಆಗದೋರು ಯಾರೋ ಮೂಗರ್ಜಿ ಹಾಕಿದ್ರು, ಇವ್ರು ಎರಡೆರಡು ಪಿಂಚಣಿ ತಿಂತವ್ರೆ ಅಂತ. ಮೂರೇ ದಿನಕ್ಕೆ ಸಾಹೇಬ್ರು ಓಡಿ ಬಂದ್ರು. ಬಂದು ನೋಡಿದ್ರೆ ಒಂದೂ ಇಲ್ಲ! ಮುಂದಿನ ತಿಂಗಳು ಮನಿಯಾರ್ಡರ್ ಬಂತು. ಆ ಮೂಗರ್ಜಿ ಹಾಕಿದೋರಿಗೆ ಇವ್ರು ಹಬ್ಬಕ್ಕೆ ಪಾಯಸ ಕಳ್ಸವ್ರೆ ಸಾರ್.”

“ಮತ್ತೆ ಆ ರಾತ್ರಿ ನಮ್ಮನೆ ಬಾಗಿಲು ಬಡಿದದ್ದು?”

“ಅದು ನಾನು. ಕಾಪಿ ಕೊಡೋದು ನಿಮ್ಮ ಪಾಠ. ಮೇಷ್ಟ್ರು ಗಾಬ್ರಿ ಆಗ್ದಂಗೆ ಮೊದ್ಲೇ ತಿಳಿಸು ಅಂದಿದ್ದು ಅವ್ರು. ಮುಖ ತೋರ್ಸಕ್ಕೆ ಧೈರ್ಯ ಆಗ್ಲಿಲ್ಲ, ಓಡ್ದೆ.”

ಕೋದಂಡರಾಮಪ್ಪನವರು ನಿಧಾನವಾಗಿ ಕುಳಿತರು. ಹತ್ತರಿಂದ ನಾಲ್ಕರೊಳಗೆ ಎಂದು ಬರೆದದ್ದು ಆಫೀಸಿನ ವೇಳೆಯಲ್ಲ, ಮಕ್ಕಳಿರುವ ವೇಳೆ ಎಂಬುದು ಈಗ ಅವರಿಗೆ ಹೊಳೆಯಿತು. ಇದನ್ನು ರಾಮಲಕ್ಷ್ಮಮ್ಮನಿಗೆ ಹೇಳದೆ ಉಳಿಯಲು ದಾರಿಯುಂಟೇ ಎಂದು ಯೋಚಿಸಿ, ಇಲ್ಲವೆಂದು ಕಂಡುಕೊಂಡರು.

ಅಷ್ಟರಲ್ಲಿ ಅಶ್ವತ್ಥಪ್ಪ ಎದ್ದ. “ಸಾರ್, ನನ್ನ ಠರಾವು ವಾಪಸ್ ತಗೋತೀನಿ. ಹಗೆ ಇಲ್ಲ ಅಂದ್ಮೇಲೆ ಭಯ ಏನು? ಇಂಥಾ ತಲೆ ಆ ಕಡೆ ಇದ್ರೆ ನಮ್ಮ ಹೆಸ್ರು ಅಲ್ಲೇ ಭದ್ರ. ಕರಾರಿಗೆ ನಂದೂ ಸಹಿ ಹಾಕಿಸ್ಕೊಳ್ಳಿ.”

ಗಂಗರತ್ನಮ್ಮನ ಬೆರಳಿನಿಂದ ಸೆರಗು ಬಿಚ್ಚಿಕೊಂಡಿತು. ಕರಾರಿನ ಕಾಗದ ಮೇಜಿನ ಸುತ್ತ ತಿರುಗಿ ಬಂತು, ಏಳು ಸಹಿಗಳು ಬಿದ್ದವು. ಕೋದಂಡರಾಮಪ್ಪನವರು ಕೊನೆಯದಾಗಿ ತಮ್ಮದನ್ನು ಹಾಕಿ, ಗಂಟಲು ಸರಿಪಡಿಸಿಕೊಂಡರು.

“ಖಂಡನೆ ತೆಗಿ ಓಬೇದುಲ್ಲಾ. ಅಭಿನಂದನೆ ಅಂತ ಹಾಕು. ‘ಹೇಯ ಕೃತ್ಯ’ ಬೇಡ, ‘ಸಮಯೋಚಿತ ಸೇವೆ’ ಅಂತಿರಲಿ. ಒಂದ್ಮಾತು ಕೇಳ್ತೀನಿ, ಅಷ್ಟು ಬುದ್ಧಿವಂತರು ಯಾವ ವರ್ಷದ ಬ್ಯಾಚಿನಲ್ಲಿ ನನ್ನ ಹತ್ತಿರ ಓದಿದ್ದು?”

“ಓದಿಲ್ಲ ಸಾರ್. ಹೆಬ್ಬೆಟ್ಟು. ಸ್ಕೂಲಿನ ಕಟ್ಟೆ ಕೂಡ ಹತ್ತಿಲ್ಲ.”

ಕೋದಂಡರಾಮಪ್ಪನವರು ಸಭೆಗೆ ತಂದಿದ್ದ ಆವಕ ಪುಸ್ತಕವನ್ನು ತೆರೆದರು; ಲೇಖನಿ ‘ಯಾರಿಂದ’ ಎಂಬ ಅಂಕಣದ ಮೇಲೆ ನಿಂತಿತು.

“ಹೆಸರು ಹೇಳು.”

“ಬೀಬಿಜಾನ್ ಸಾರ್.”